ಜಿಂಕೆ ಅಡ್ಡ ತಿರುಗುವ ತನಕ

ನನಗೊಂದು ಚಟವಿದೆ. ನಾಲ್ಕು ಕಾಲಿನ ಯಾವ ಪ್ರಾಣಿ ಕಂಡರೂ ನನ್ನ ಕಣ್ಣು ಅದರ ಮುಖ ನೋಡುವುದಿಲ್ಲ. ನೆಟ್ಟಗೆ ಮುಂಗಾಲಿನ ಹಿಂದಕ್ಕೆ ಹೋಗಿ, ಹೊಟ್ಟೆಯ ಅಂಚಿನಿಂದ ಮೋಟುಗೇಣು ಮೇಲೆ ನಿಂತುಬಿಡುತ್ತದೆ. ಹಾಲಿನ ಸಾಕಮ್ಮನ ಎಮ್ಮೆಯಾಗಲಿ, ಸಂತೆಗೆ ಬಂದ ಗಾಡಿಯ ಎತ್ತಾಗಲಿ, ಅದು ನನಗೆ ಪಕ್ಕೆ ಕೊಟ್ಟು ನಿಂತಿದೆಯೋ ಇಲ್ಲವೋ ಎಂದು ಮೊದಲು ನೋಡುತ್ತೇನೆ. ನಿಂತಿಲ್ಲದಿದ್ದರೆ ತಿರುಗಲಿ ಎಂದು ಕಾಯುತ್ತೇನೆ. ಹೀಗೆ ಒಂದು ಹೋತಕ್ಕಾಗಿ ಕಾಯುತ್ತ ನಿಂತು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತಪ್ಪಿಸಿಕೊಂಡದ್ದೂ ಉಂಟು. ಹೋತ ಕೊನೆಗೂ ತಿರುಗಲಿಲ್ಲ.

ಎರಡು ಕಾಲಿನವರನ್ನೂ ಈ ಚಟ ಬಿಟ್ಟಿಲ್ಲ. ನಾನು ಅರಸೀಕೆರೆಯಲ್ಲಿ ಮೇಷ್ಟ್ರಾಗಿದ್ದಾಗ ಒಬ್ಬ ಇನ್ಸ್‌ಪೆಕ್ಟರು ನನ್ನ ಹಾಜರಿ ಪುಸ್ತಕ ಹಿಡಿದು, ಎದುರಿಗೇ ನಿಂತು, ಕಾಲು ಗಂಟೆ ಬೈದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೇನೆಂದು ಅವರು ತಿಳಿದಿದ್ದರು. ನಾನು ಮನಸ್ಸಿನಲ್ಲಿ, ‘ಎದುರೇಟು ಬೇಡ, ಸ್ವಲ್ಪ ಅಡ್ಡ ತಿರುಗಲಿ’ ಎಂದುಕೊಳ್ಳುತ್ತಿದ್ದೆ. ಅವರು ಕಿಟಕಿಯ ಕಡೆ ತಿರುಗಿದ್ದೇ ತಡ, ನನ್ನ ಮುಖ ಅರಳಿಬಿಟ್ಟಿತು. “ನಗ್ತೀರೇನ್ರೀ?” ಎಂದು ಇನ್ನೊಂದು ಕಾಲು ಗಂಟೆ ಬೈದರು.

ಈ ಚಟ ಹಿಡಿಸಿದವರು ನನ್ನ ಮಾವ, ಅಂದರೆ ನನ್ನ ಹೆಂಡತಿ ಪುಟ್ಟತಾಯಿಯ ತಂದೆ ನಂಜೇಗೌಡರು. ಗೆಂಡೆಹಳ್ಳಿಯಿಂದ ಒಂದು ಹರದಾರಿ ಆಚೆಗೆ, ಕುರುಚಲು ಕಾಡಿಗೆ ಬೆನ್ನು ಕೊಟ್ಟು ಕೂತ ನಲವತ್ತು ಮನೆಯ ಊರು ಅವರದು. ಅವರು ಆ ಊರಿನ ಬೇಟೆ ಯಜಮಾನರು. ಯಜಮಾನಿಕೆಯೆಂದರೆ ಅಂಥಾ ದೊಡ್ಡದೇನಲ್ಲ. ವರ್ಷಕ್ಕೊಂದು ದಿನ, ಯುಗಾದಿಯ ಮಾರನೆಯ ಹೊಸತೊಡಕಿನಂದು, ಇಡೀ ಊರು ಅವರ ಮಾತು ಕೇಳಬೇಕು. ಮಿಕ್ಕ ದಿನಗಳಲ್ಲಿ ಅವರ ಮನೆಯವರೂ ಕೇಳುತ್ತಿರಲಿಲ್ಲ.

ಹೊಸತೊಡಕು ಗೊತ್ತಲ್ಲ? ಯುಗಾದಿಯ ದಿನ ಎಣ್ಣೆ ನೀರು ಹಾಕಿಕೊಂಡು, ಬೇವು ಬೆಲ್ಲ ತಿಂದು, ಒಬ್ಬಟ್ಟಿನ ಮುಂದೆ ಸಾಧುಸಂತರಂತೆ ಕೂತಿದ್ದ ಜನವೇ ಮಾರನೆಯ ಬೆಳಗ್ಗೆ ಕತ್ತಿ ಮಸೆಯುತ್ತಿರುತ್ತದೆ. ಆ ದಿನ ಊರಿಗೆ ಬೇಟೆ ಬೀಳಬೇಕು. ಬಿದ್ದರೆ ವರ್ಷವೆಲ್ಲ ಒಳ್ಳೆಯದು. ಬರಿಗೈಯಲ್ಲಿ ಬಂದರೆ ಮಳೆ ಕೈಕೊಡುತ್ತದೆ, ಎಮ್ಮೆ ಬತ್ತುತ್ತದೆ, ಹೆಣ್ಣುಮಕ್ಕಳಿಗೆ ಗಂಡು ಕೂಡಿಬರುವುದಿಲ್ಲ. ಹೆಂಗಸರಿಗೆ ಬೇಟೆಯ ಮೇಲೆ ಎಷ್ಟು ಭರವಸೆಯೆಂದರೆ, ಗಂಡಸರು ಕಾಡು ಮುಟ್ಟುವ ಮೊದಲೇ ಮಸಾಲೆ ಅರೆದಿಡುತ್ತಿದ್ದರು. ಜಿಂಕೆ ಪಾಪ ಇನ್ನೂ ಮೇಯುತ್ತಿರುವಾಗಲೇ ಇಲ್ಲಿ ಅದರ ಚಕ್ಕೆ ಲವಂಗ ಒರಳಿನಲ್ಲಿ ನುಣ್ಣಗಾಗಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಬೇರೆಲ್ಲೋ ಅಲ್ಲ, ಆ ಊರಿನಲ್ಲೇ ಇರಬೇಕು. ಫಾರೆಸ್ಟ್ ಗಾರ್ಡಿಗೆ ಅವತ್ತು ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಸಂಜೆ ಅವನ ಪಾಲು ಮನೆಗೆ ತಲುಪಿದ ಮೇಲೆ ವಾಸಿಯಾಗುತ್ತಿತ್ತು.

ಊರಿನಲ್ಲಿ ಎರಡು ಬಂದೂಕುಗಳೂ ಇದ್ದವು. ಆದರೆ ಹೊಸತೊಡಕಿನ ಮೊದಲ ಏಟು ಬಿಲ್ಲಿನದೇ ಆಗಬೇಕು, ಆಮೇಲೆಯೇ ಬಂದೂಕು ಬಾಯಿ ಬಿಡಬಹುದು ಎಂಬುದು ಕಟ್ಟಳೆ. ಆ ಮೊದಲ ಬಾಣ ಮಾವನ ಮನೆತನದ ಹಕ್ಕು. ಮನೆಗೆ ಹೊಸ ಅಳಿಯ ಬಂದ ವರ್ಷ ಅವನ ಹಕ್ಕು. ನನಗಿಂತ ಮೊದಲು ಆ ಮನೆಯ ಅಳಿಯನಾಗಿದ್ದ ನನ್ನ ಷಡ್ಡಕ, ಅರೇಹಳ್ಳಿಯ ಕಾಫಿ ತೋಟದಲ್ಲಿ ರೈಟರಾಗಿದ್ದ ರಂಗೇಗೌಡ, ತನ್ನ ಸರದಿಯಲ್ಲಿ ಒಂದು ಮತ್ತಿ ಮರಕ್ಕೆ ಹೊಡೆದು, ಅಂದಿನಿಂದ ಬಂದೂಕಿನ ಪಕ್ಷ ಸೇರಿದ್ದ.

ಹೆಣ್ಣು ನೋಡಲು ಹೋದಾಗಲೇ ಮಾವ ಕೇಳಿದ್ದರು, “ಹುಡುಗನಿಗೆ ಬಿಲ್ಲು ಬತ್ತದಾ?” ನಮ್ಮಪ್ಪ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ನಮ್ಮ ಮನೆಗೆ ಮಾಂಸ ಬರುತ್ತಿದ್ದದ್ದು ಕಟುಕರ ಅಂಗಡಿಯ ತಕ್ಕಡಿಯಿಂದಲೇ ಹೊರತು ಕಾಡಿನಿಂದಲ್ಲ. ಆದರೆ ಸಂಬಂಧ ಚೆನ್ನಾಗಿತ್ತು. ಇನ್ನೊಂದು ಲೋಟ ಕಾಫಿಯೂ ಬರುವುದರಲ್ಲಿತ್ತು. “ಅಯ್ಯೋ, ಅದೇನ್ ಮಹಾ, ಬರ್ತದೆ!” ಎಂದುಬಿಟ್ಟ ಅಪ್ಪ. ನನಗೆ ಬರುತ್ತಿದ್ದದ್ದು ಒಂದಿಷ್ಟು ಹಾರ್ಮೋನಿಯಂ ಮಾತ್ರ.

ಮದುವೆಯಾದ ಮೇಲೆ ಗುಟ್ಟು ರಟ್ಟಾಯಿತು. ಮಾವ ಕೋಪ ಮಾಡಿಕೊಳ್ಳಲಿಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗೆ ವಾರವಾರವೂ ಬರಬೇಕೆಂದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ ಬಸ್ಸು ಹಿಡಿದು, ಬೇಲೂರಿನಲ್ಲಿಳಿದು, ಮುಂದಕ್ಕೆ ಸಿಕ್ಕ ಗಾಡಿಯನ್ನೇರಿ ಹೋಗುತ್ತಿದ್ದೆ. ಹೊಸ ಹೆಂಡತಿಯ ಮುಖ ನೋಡಲು ಇಷ್ಟು ಆಸೆಯೇ ಎಂದು ಶಾಲೆಯಲ್ಲಿ ಎಲ್ಲರೂ ಛೇಡಿಸುತ್ತಿದ್ದರು. ನಾನು ನೋಡುತ್ತಿದ್ದದ್ದು ಮಾವನ ಮುಖ.

ಮೊದಲ ವಾರ ಬಿಲ್ಲು ಕೈಗೆ ಕೊಡುತ್ತಾರೆಂದುಕೊಂಡಿದ್ದೆ. ಒಂದು ಮಣೆ ಕೊಟ್ಟು ಅಂಗಳದಲ್ಲಿ ಕೂರಿಸಿದರು. ಆಮೇಲೆ ಕೊಟ್ಟಿಗೆಯಿಂದ, ಹುಲ್ಲಿನಲ್ಲಿ ಕಟ್ಟಿದ ಒಂದು ಜಿಂಕೆಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆ ನಿಲ್ಲಿಸಿದರು.

“ಅಳಿಯಂದ್ರೆ, ಬಿಡ್ಬೋದಾ, ಬಿಡ್ಬಾರ್ದಾ, ಹೇಳಿ.”

“ಬಿಡಬಹುದು” ಎಂದೆ.

“ಎದುರ್ಗೆ ನಿಂತೈತೆ. ಎದೆ ಮೂಳೆಗೆ ಬಡ್ದು ಜಾರ್ತದೆ. ಬ್ಯಾಡ.” ಜಿಂಕೆಯನ್ನು ಹಿಂದುಮುಂದು ಮಾಡಿದರು. “ಈಗ?”

“ಈಗ ಬಿಡಬಹುದು.”

“ಕುಂಡಿಗೆ ಬಿಡ್ತೀರಾ? ನಿಮ್ಗೆ ಯಾರಾನಾ ಹಂಗೆ ಬಿಟ್ರೆ ಏನ್ ಮಾಡ್ತೀರಿ? ಅರಸೀಕೆರೆ ಗಂಟ ಓಡ್ತೀರಿ. ಸಾಯಾಕೂ ಆಗಾಕಿಲ್ಲ, ಕೂರಾಕೂ ಆಗಾಕಿಲ್ಲ.”

ಬಾಗಿಲ ಸಂದಿಯಿಂದ ಪುಟ್ಟತಾಯಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ನನ್ನ ದಾಂಪತ್ಯ ಸರಿಯಾದ ಕಾಲಿನ ಮೇಲೆ ನಿಲ್ಲಲು ಅದಾದ ಮೇಲೆ ಬಹಳ ದಿನ ಹಿಡಿಯಿತು.

ಪಾಠ ಹಾಗೆಯೇ ನಡೆಯಿತು. ಜಿಂಕೆಯ ಹಿಂದೆ ಒಂದು ಕುಕ್ಕೆ ಇಟ್ಟು, “ಅದರ ಮರೀನೂ ಐತೆ, ಬ್ಯಾಡ” ಎನ್ನುತ್ತಿದ್ದರು. ಕತ್ತು ಎತ್ತಿ ಕಿವಿ ನೆಟ್ಟಗೆ ಮಾಡಿ, “ನಿಮ್ ಹೆದೆ ಸದ್ದಿಗೆ ಕುಸೀತದೆ, ಬಾಣ ಮ್ಯಾಲಿಂದ ಹೋಯ್ತದೆ, ಬ್ಯಾಡ” ಎನ್ನುತ್ತಿದ್ದರು. ಅರವತ್ತೈದು ದಾಟಿದ ಮನುಷ್ಯ ಆ ಹುಲ್ಲುಜಿಂಕೆಯನ್ನು ಎತ್ತಿಕೊಂಡು ಅಂಗಳದ ತುಂಬ ಓಡುತ್ತ, ಏದುಸಿರಿನಲ್ಲಿ, “ಓಡ್ತಾ ಐತೆ, ಬ್ಯಾಡ, ಓಡ್ತಾ ಐತೆ, ಬ್ಯಾಡ” ಎಂದು ತಾವೇ ಪ್ರಶ್ನೆ ತಾವೇ ಉತ್ತರ ಆಗುತ್ತಿದ್ದರು. ಮೂರನೆಯ ವಾರ ಹೋಗುವ ಹೊತ್ತಿಗೆ ನಮ್ಮ ಜಿಂಕೆಯ ಹಿಂಭಾಗವನ್ನು ಹಸು ತಿಂದುಹಾಕಿತ್ತು. ಪಾಠಕ್ಕೆ ಅದರಿಂದ ತೊಂದರೆಯಾಗಲಿಲ್ಲ, ಆ ಭಾಗ ಹೇಗೂ ನಿಷಿದ್ಧವಷ್ಟೆ.

“ಹಾಗಾದರೆ ಬಿಡೋದು ಯಾವಾಗ ಮಾವ?” ಎಂದು ಒಂದು ದಿನ ರೋಸಿ ಕೇಳಿದೆ.

“ಅಡ್ಡ ತಿರುಗ್ಬೇಕು. ತಲೆ ಬಗ್ಸಿ ಮೇಯ್ತಿರ್ಬೇಕು. ಹನ್ನೆರಡು ಮಾರಿನ ಒಳಗಿರ್ಬೇಕು. ಈ ಕಡೆ ಮುಂಗಾಲು ಒಂದೆಜ್ಜೆ ಮುಂದಿಟ್ಟಿರ್ಬೇಕು. ಆಗ.”

“ಆಗ ಬಿಡಬಹುದಾ?”

“ಮನ್ಸು ಒಪ್ಪಿದ್ರೆ.”

ನಮ್ಮ ಜಾತಕ ಕೂಡಿಸುವಾಗಲೂ ಇಷ್ಟು ನೋಡಿರಲಿಲ್ಲ. ಇಷ್ಟೆಲ್ಲ ಕೂಡಿ ಬಂದು ಬಾಣ ತಾಕಿದ ಮೇಲೂ ಹಿಂದೆ ಓಡುವ ಹಾಗಿಲ್ಲ. ಕೂತು, ಒಂದು ಎಲೆಯಡಿಕೆ ಹಾಕಿಕೊಂಡು, ಪೂರ್ತಿ ಜಗಿದು ಉಗಿದು, ಆಮೇಲೆ ಏಳಬೇಕು. ಬೆನ್ನಟ್ಟಿದರೆ ಪ್ರಾಣಿ ನೋವಿನಲ್ಲೇ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ನೆಲದ ಮೇಲೆ ನೊರೆ ರಕ್ತ ಕಂಡರೆ ಸರಿ. ರಕ್ತದಲ್ಲಿ ಮೇವಿನ ಹಸಿರು ಕಂಡರೆ ಹೊಟ್ಟೆಗೆ ಬಿದ್ದಿದೆ ಎಂದರ್ಥ, ಅಂಥಾ ಪಾಪಕ್ಕೆ ಇನ್ನೂ ನಾಲ್ಕು ಎಲೆಯಡಿಕೆ. ಈ ಪಾಠವನ್ನು ನಾನು ಬಹಳ ಶ್ರದ್ಧೆಯಿಂದ ಕಲಿತೆ. ಬಿಲ್ಲಿಗಿಂತ ಮೊದಲು ನನಗೆ ಎಲೆಯಡಿಕೆಯೇ ಬಂತು.

ಒಂದು ಸಲ ನನ್ನನ್ನು ಬಸ್ಸಿಗೆ ಹತ್ತಿಸಲು ಮಾವ ಬೇಲೂರಿಗೆ ಬಂದರು. ಬಸ್ಸು ಹೊರಡಲು ಹೊತ್ತಿತ್ತು, ಗುಡಿಗೆ ಹೋದೆವು. ಮಾವ ದೇವರಿಗೆ ಕೈ ಮುಗಿದದ್ದು ಒಂದು ಗಳಿಗೆ. ಹೊರಗೆ, ಬಿಲ್ಲು ಹಿಡಿದು ನಿಂತ ಕಲ್ಲಿನ ಬೇಟೆಗಾರ್ತಿಯ ಮುಂದೆ ನಿಂತದ್ದು ಅರ್ಧ ಗಂಟೆ. ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲಿ ಭಕ್ತಿಯ ಸುಳಿವಿರಲಿಲ್ಲ.

“ಈವಮ್ಮ ಬೇಟೆಗೆ ಬಂದವ್ಳೋ, ಮದುವೆಗೆ ಬಂದವ್ಳೋ?” ಎಂದರು. “ಕೈ ತುಂಬ ಬಳೆ, ಕಾಲ್ ತುಂಬ ಗೆಜ್ಜೆ. ಇವಳು ಹೆಜ್ಜೆ ಎತ್ತಿಟ್ರೆ ಹರದಾರಿ ದೂರದ ಜಿಂಕೆ ಎದ್ದೋಡ್ತದೆ.”

ಪಕ್ಕದಲ್ಲಿ ಹೂಬುಟ್ಟಿ ಹಿಡಿದು ಹೋಗುತ್ತಿದ್ದ ಗುಡಿಯ ಪರಿಚಾರಕರೊಬ್ಬರು ನೊಂದುಕೊಂಡು, “ಗೌಡ್ರೇ, ಅದು ಎಂಟುನೂರು ವರ್ಷದ ಶಿಲ್ಪ ಕಣ್ರೀ” ಎಂದರು.

“ಹಂಗಾದ್ರೆ ಎಂಟುನೂರು ವರ್ಷದಿಂದ ತಪ್ಪಾಗೇ ನಿಂತವ್ಳೆ ಅನ್ನಿ” ಎಂದರು ಮಾವ.

ಪರಿಚಾರಕರು ಕೇಶವಾ ಎಂದು ಕಿವಿ ಮುಚ್ಚಿಕೊಂಡು ಹೋದರು. ನಾನು ಈ ಮನುಷ್ಯ ಯಾರೋ ಗೊತ್ತಿಲ್ಲ ಎಂಬಂತೆ ನಾಲ್ಕು ಹೆಜ್ಜೆ ಸರಿದು ನಿಂತೆ. ಮಾವ ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂಬುದು ಬೇರೆ ಮಾತು.

ಹೊಸತೊಡಕು ಬಂತು. ನಾನು ಆ ಹೊತ್ತಿಗೆ ಹನ್ನೆರಡು ಮಾರಿನೊಳಗೆ ಹುಲ್ಲುಜಿಂಕೆಯ ಪಕ್ಕೆಯಲ್ಲಿ ಮಾವ ಹುದುಗಿಸಿಟ್ಟ ಸೋರೆಬುರುಡೆಯನ್ನು ಹತ್ತಕ್ಕೆ ಏಳು ಸಲ ಒಡೆಯುತ್ತಿದ್ದೆ. ಬೆಳಗ್ಗೆಯೇ ಮಾವ ನನ್ನನ್ನು ಕರೆದುಕೊಂಡು ಹೋಗಿ, ಹಳ್ಳದ ದಂಡೆಯಲ್ಲಿ ಸೊಪ್ಪು ಸದೆ ಒಟ್ಟಿ ಮಾಡಿದ ಮರೆಯಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ಕೂಗಳತೆಯ ಇನ್ನೊಂದು ಮರೆಯಲ್ಲಿ ರಂಗೇಗೌಡ ಬಂದೂಕು ಹಿಡಿದು ಕೂತಿದ್ದ. ಆಚೆಯಿಂದ ಊರಿನವರು ತಮಟೆ ಹೊಡೆಯುತ್ತ ಕಾಡು ಸೋಯುತ್ತ, ಅಂದರೆ ಪ್ರಾಣಿಗಳನ್ನು ಎಬ್ಬಿಸಿ ನಮ್ಮ ಕಡೆಗೆ ಅಟ್ಟುತ್ತ, ಬರುತ್ತಿದ್ದರು.

ಜಿಂಕೆ ಬಂತು. ಗಂಡು, ಒಳ್ಳೆಯ ಕೊಂಬು. ನನಗೆ ನೆಟ್ಟಗೆ ಎದುರಾಗಿ, ಇಪ್ಪತ್ತು ಮಾರು ದೂರದಲ್ಲಿ, ಕಿವಿ ನಿಗುರಿಸಿ ನಿಂತಿತು. ಮಾವ ಹೇಳಿಕೊಟ್ಟ ‘ಬ್ಯಾಡ’ಗಳಲ್ಲಿ ಮೂರು ಒಟ್ಟಿಗೇ ಎದುರು ನಿಂತಿದ್ದವು. ಮಾವ ನನ್ನ ಮೊಣಕೈ ಮುಟ್ಟಿ, ಬೇಡ ಎಂದು ಕಣ್ಣಲ್ಲೇ ಹೇಳಿದರು. ನನಗೂ ಗೊತ್ತಿತ್ತು. ಆದರೆ ತಮಟೆ ಹತ್ತಿರವಾಗುತ್ತಿತ್ತು, ಜಿಂಕೆ ಇನ್ನೇನು ಹಾರಿಬಿಡುತ್ತದೆ. ಊರಿನಲ್ಲಿ ನಲವತ್ತು ಮನೆಯ ಮಸಾಲೆ ಕಾಯುತ್ತಿದೆ. ಬಾಗಿಲ ಸಂದಿಯಲ್ಲಿ ನಕ್ಕವಳು ನಡುಮನೆಯಲ್ಲಿ ಕೂತಿದ್ದಾಳೆ. ಮತ್ತಿ ಮರಕ್ಕೆ ಹೊಡೆದವನು ಪಕ್ಕದ ಮರೆಯಿಂದ ನೋಡುತ್ತಿದ್ದಾನೆ. ಹಿಂದುಮುಂದು ನೋಡದೆ ಬಿಟ್ಟುಬಿಟ್ಟೆ.

ಬಾಣ ಕೈ ಬಿಟ್ಟ ಗಳಿಗೆಯಲ್ಲಿ ತಮಟೆಯ ಒಂದು ಏಟು ಜೋರಾಗಿ ಬಿತ್ತು. ಜಿಂಕೆ ಬೆಚ್ಚಿ ಅಡ್ಡ ತಿರುಗಿತು. ತಿರುಗಿದ ಪಕ್ಕೆಗೆ, ಮುಂಗಾಲಿನ ಹಿಂದೆ, ಮೋಟುಗೇಣು ಮೇಲೆ, ಗೆರೆ ಹಾಕಿ ಅಳೆದ ಹಾಗೆ ಬಾಣ ಹೊಕ್ಕಿತು. ಜಿಂಕೆ ಮೂವತ್ತು ಹೆಜ್ಜೆ ಹೋಗಿ ಬಿತ್ತು. ನನ್ನ ಎಲೆಯಡಿಕೆಯ ಮೊದಲ ರಸ ಇಳಿಯುವ ಮೊದಲೇ ಅದರ ಪ್ರಾಣ ಹೋಗಿತ್ತು.

ಆಮೇಲೆ ಕೇಳಬೇಕೆ? ರಂಗೇಗೌಡ ಮರೆಯಿಂದ ಓಡಿಬಂದು ನನ್ನನ್ನು ಎತ್ತಿ ಕುಣಿಸಿಬಿಟ್ಟ. “ಏನ್ ಏಟು ಮೇಷ್ಟ್ರೇ! ಇಪ್ಪತ್ತು ಮಾರು! ಪಕ್ಕೆ ಕೊಡೋಗಂಟ ಕಾದು ಹೊಡೆದ್ರಲ್ಲ!” ಎಂದು ತಮಟೆಯವರಿಗೆಲ್ಲ ಸಾರಿದ. ಊರೊಳಗೆ ಬರುವಾಗ ಕಣಗಿಲೆ ಹಾರ ಹಾಕಿದರು. ಒಬ್ಬ ಅಜ್ಜಿ ದೃಷ್ಟಿ ತೆಗೆದಳು. ಪುಟ್ಟತಾಯಿ ಅವತ್ತು ಮೊದಲ ಸಲ ನನ್ನನ್ನು ಗಂಡನಂತೆ ನೋಡಿದಳು. ನಾನು ಸುಮ್ಮನಿರಲಿಲ್ಲ. ಜಿಂಕೆ ತಿರುಗುವ ಮುನ್ನ ಅದರ ಹಿಂಗಾಲು ಹೇಗೆ ಸರಿಯಿತು, ಅದರಿಂದ ನನಗೆ ಮೊದಲೇ ಹೇಗೆ ತಿಳಿಯಿತು ಎಂದು ಜಗುಲಿಯ ಮೇಲೆ ಕೂತು ವಿವರಿಸಿದೆ. ಹೊಡೆದವನ ಪಾಲೆಂದು ತಲೆ, ಕತ್ತಿನ ಮಾಂಸ ನನಗೆ ಬಂತು. ಯಜಮಾನರ ಪಾಲೆಂದು ಒಂದು ತೊಡೆ ಮಾವನಿಗೆ ಬಂತು.

ಆ ತೊಡೆಯನ್ನು ಮಾವ ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಕರಿಯನ ಮುಂದೆ ಇಟ್ಟರು. ಕರಿಯ ಅವರ ನಾಯಿ. ಅದು ಒಂದು ಸಲ ಮಾವನನ್ನು, ಒಂದು ಸಲ ತೊಡೆಯನ್ನು ನೋಡಿತು. ಇಷ್ಟು ದೊಡ್ಡ ಮರ್ಯಾದೆ ತನಗೇ ಸಲ್ಲುವುದೆಂದು ಅದಕ್ಕೆ ನಂಬಿಕೆ ಬರಲಿಲ್ಲ. ನಾನು ಅಲ್ಲೇ ಕೈ ತೊಳೆಯುತ್ತಿದ್ದೆ.

“ಯಾಕೆ ಮಾವ?” ಎಂದೆ.

“ಎದುರ್ಗೆ ನಿಂತಿದ್ದಕ್ಕೆ ಬಿಟ್ರಿ ಅಳಿಯಂದ್ರೆ” ಎಂದರು. ದನಿ ಏರಲಿಲ್ಲ, ನೀವು ಎಂಬುದು ನೀನು ಆಗಲಿಲ್ಲ. “ಅದು ತಾನಾಗೇ ತಿರುಗ್ತು. ತಪ್ಪಿದ್ರೆ ನಿಮ್ ಮರ್ವಾದೆ ಹೋಗ್ತಿತ್ತು, ಹೋಗ್ಲಿ. ಕಾಲಿಗೋ ಹೊಟ್ಟೆಗೋ ಬಿದ್ದು ಓಡಿದ್ರೆ ಎಂಟು ದಿನ ಸಾಯ್ತಿತ್ತಲ್ಲ ಆ ಮುಂಡೇದು. ಅದನ್ನ ನೆನ್ಕಂಡ್ರೆ ನನ್ ಗಂಟ್ಲಾಗೆ ಇಳಿಯಾಕಿಲ್ಲ. ನಾಯಿಗೇನು, ಅದು ನೋಡಿಲ್ಲ.”

ನನಗೆ ನಾಚಿಕೆಯಾಯಿತು. ಬಾಯಿಮಾತಿನ ನಾಚಿಕೆಯಲ್ಲ, ಮೈ ಬೆವರಿತು. ಇಡೀ ಊರು ಹೊಗಳುವಾಗ, ನಾನು ಯಾರ ಹೊಗಳಿಕೆಗಾಗಿ ವಾರವಾರ ಬಸ್ಸು ಹತ್ತಿದ್ದೆನೋ ಅವರೊಬ್ಬರು ಮಾತ್ರ ಬೇಡವೆಂದಿದ್ದರು. ಕತ್ತಿನ ಮಾಂಸ ನನಗೂ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಇಳಿಯಿತು, ಎರಡು ಸಲ ಬಡಿಸಿಕೊಂಡೆ. ಆದರೆ ತಲೆಯೆತ್ತಿ ಮಾವನ ಕಡೆ ನೋಡಲಾಗಲಿಲ್ಲ.

ವರ್ಷ ಕಳೆಯಿತು. ನನ್ನ ಇಪ್ಪತ್ತು ಮಾರು ಜನರ ಬಾಯಲ್ಲಿ ನಲವತ್ತಾಗಿತ್ತು. ಈ ಸಲವೂ ಮೊದಲ ಬಾಣ ಮೇಷ್ಟ್ರದ್ದೇ ಆಗಬೇಕೆಂದು ಊರೇ ಹಟ ಹಿಡಿಯಿತು. ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅದೇ ಮರೆಯಲ್ಲಿ ಪಕ್ಕದಲ್ಲಿ ಕೂತರು.

ಈ ಸಲ ಬಂದದ್ದು ಹತ್ತೇ ಮಾರಿನಲ್ಲಿ ನಿಂತಿತು. ಹೆಣ್ಣು. ಮತ್ತೆ ಎದುರಿಗೇ. ನಾನು ಹೆದೆಯನ್ನು ಕಿವಿಯವರೆಗೆ ಎಳೆದು ಕಾದೆ. ಮಾವ ನನ್ನನ್ನು ಮುಟ್ಟಲಿಲ್ಲ. ಅದು ತಲೆ ಬಗ್ಗಿಸಿ ಒಂದು ಬಾಯಿ ಹುಲ್ಲು ಕಿತ್ತಿತು, ತಲೆ ಎತ್ತಿತು, ಅಡ್ಡ ತಿರುಗಿತು. ತಿರುಗಿದಾಗ ಅದರ ಹೊಟ್ಟೆಯ ಮರೆಯಲ್ಲಿ ನಿಂತಿದ್ದ ಮರಿ ಕಾಣಿಸಿತು. ಬೆವರು ಕಣ್ಣಿಗಿಳಿಯುತ್ತಿತ್ತು, ಆಚೆ ಮರೆಯಲ್ಲಿ ರಂಗೇಗೌಡ ‘ಬಿಡೀ, ಬಿಡೀ’ ಎಂದು ಕೈಸನ್ನೆ ಮಾಡುವುದು ಕಾಣುತ್ತಿತ್ತು. ನಾನು ನಿಧಾನಕ್ಕೆ ಹೆದೆಯನ್ನು ಸಡಿಲಿಸಿ ಬಾಣ ಕೆಳಗಿಟ್ಟೆ. ತಾಯಿ ಮರಿ ಎರಡೂ ಹಳ್ಳ ದಾಟಿ ಹೋದವು. ಮಧ್ಯಾಹ್ನದವರೆಗೆ ಮತ್ತೊಂದು ಪ್ರಾಣಿ ಬರಲಿಲ್ಲ.

ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಬರಿಗೈಯಲ್ಲಿ ಬಂದು ನಿಂತೆವು. ಅರೆದ ಮಸಾಲೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಹೆಂಗಸರು ಬಾಗಿಲಲ್ಲಿ ನಿಂತು ನಮ್ಮ ಹೆಗಲುಗಳನ್ನು ನೋಡಿ ಒಳಗೆ ಹೋದರು. ರಂಗೇಗೌಡ ತಡೆಯಲಾರದೆ ಹೇಳಿಬಿಟ್ಟ. “ಹತ್ತು ಮಾರಿನಾಗೆ ಬಂದು ನಿಂತಿತ್ತು. ಕಣ್ಣಾರೆ ಕಂಡೆ. ಮೇಷ್ಟ್ರು ಬಿಡ್ಲೇ ಇಲ್ಲ!”

“ಬಿಡ್ಲಿಲ್ವಾ? ಯಾಕ್ ಬಿಡ್ಲಿಲ್ಲ?” ಪಟೇಲರು ನನ್ನ ಕಡೆ ತಿರುಗಿದರು. “ಊರಿನ ವರ್ಷ ಕೆಡ್ಸಾಕೆ ಬಂದ್ರಾ ಅರಸೀಕೆರೆಯಿಂದ?”

ನಲವತ್ತು ಜನ ನನ್ನ ಮುಖ ನೋಡುತ್ತಿದ್ದರು. ಮರಿಯಿತ್ತು ಎಂದರೆ ಆ ಹಸಿವಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮುಂದೆ ಮಳೆ ಬರದಿದ್ದರೂ ನಾನು, ಎಮ್ಮೆ ಬತ್ತಿದರೂ ನಾನು, ಆ ಊರಿನಲ್ಲಿ ಪುಟ್ಟತಾಯಿ ತಲೆಯೆತ್ತಿ ನೀರಿಗೆ ಹೋಗುವಂತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದರು.

“ಮೇಷ್ಟ್ರು ಬಿಡಾಕೆ ಎಳೆದಿದ್ರು. ನಾನು ಕೆಮ್ಮಿದೆ. ಓಡೋಯ್ತು.”

ಆ ಊರಿನಲ್ಲಿ ಮರೆಯಲ್ಲಿ ಕೆಮ್ಮಿದವನು ಮತ್ತೆಂದೂ ಮರೆಯಲ್ಲಿ ಕೂರುವ ಹಾಗಿಲ್ಲ. ಅಂದಿಗೆ ಅವನ ಬೇಟೆ ಮುಗಿಯಿತು. ಮುಂದೆ ಅವನು ತಮಟೆಯವರ ಜೊತೆ ಕಾಡು ಸೋಯಬೇಕು, ಯಜಮಾನಿಕೆಯೂ ಹೋಗುತ್ತದೆ. ಹಿಂದೊಮ್ಮೆ ಸೀನಿದ ತಪ್ಪಿಗೆ ಸ್ವಂತ ಅಣ್ಣನನ್ನೇ ಮಾವ ಮರೆಯಿಂದ ಎಬ್ಬಿಸಿದ್ದರಂತೆ. ಪಟೇಲರು ತಲೆ ಕೆರೆದುಕೊಂಡು, “ವಯಸ್ಸಾಯ್ತಲ್ಲ ನಂಜಣ್ಣ” ಎಂದರು. ನಾನು “ಇಲ್ಲ, ಮಾವ...” ಎಂದು ಶುರುಮಾಡಿದೆ. ಮಾವ ತಮ್ಮ ಚಪ್ಪಲಿಯ ಹಿಮ್ಮಡಿಯನ್ನು ನನ್ನ ಕಾಲಿನ ಮೇಲಿಟ್ಟು ಒತ್ತಿದರು. ನನಗೆ ಮಾತು ನಿಂತಿತು. ನೋವಿಗೋ, ಹೇಡಿತನಕ್ಕೋ ಇವತ್ತಿಗೂ ತಿಳಿದಿಲ್ಲ.

ಅವತ್ತು ಊರಿಗೆಲ್ಲ ಹುರುಳಿ ಸಾರು. ಊಟಕ್ಕೆ ಹೋಗುವ ದಾರಿಯಲ್ಲಿ ಕೇಳಿದೆ, “ಯಾಕೆ ಮಾವ ಹಂಗಂದ್ರಿ?”

“ನನಗೂ ಎಷ್ಟು ವರ್ಷ ಅಂತ?” ಎಂದರು. “ಮರೆಯಾಗೆ ಕೂರಾಕೆ ಒಬ್ಬ ಬೇಕಿತ್ತು. ಸಿಕ್ಕಿದ.”

ಮುಂದಿನ ಹೊಸತೊಡಕಿಗೆ ನಾನೊಬ್ಬನೇ ಮರೆಯಲ್ಲಿ ಕೂತೆ. ದೂರದಲ್ಲಿ ತಮಟೆ, ಕೂಗು, ಧೂಳು. ಆ ಧೂಳಿನಲ್ಲಿ ಕೋಲೂರಿಕೊಂಡು, “ಹೋ, ಹೋ” ಎಂದು ಕೂಗುತ್ತ, ಜಾಲಿ ಮುಳ್ಳಿನ ನಡುವೆ ಮಾವ ಏದುತ್ತ ಬರುತ್ತಿದ್ದರು. ನಲವತ್ತು ವರ್ಷ ಆ ಮರೆಯಲ್ಲಿ ಕೂತಿದ್ದ ಮನುಷ್ಯ. ಕೆಮ್ಮುವುದಿರಲಿ, ನನ್ನ ಪಕ್ಕದಲ್ಲಿ ಅವರು ಉಸಿರು ಬಿಟ್ಟದ್ದು ಕೂಡ ನನಗೆ ಒಂದು ದಿನವೂ ಕೇಳಿಸಿರಲಿಲ್ಲ.